ಗಿಟಾರಿನ ದನಿ ಒಡೆಯದಂತೆ

ಎಲೆಕ್ಟ್ರಿಕ್ ಗಿಟಾರನ್ನು ಆಡಿಯೋ ಇಂಟರ್‌ಫೇಸಿನ ಮೂಲಕ ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸುವಾಗ ದನಿ ಒಡೆದು ಕರಕರ ಎನ್ನುವುದುಂಟು. ಇಂಟರ್‌ಫೇಸು ಅಂಕಿಗಳಲ್ಲಿ ದಾಖಲಿಸಬಲ್ಲ ಗರಿಷ್ಠ ಮಟ್ಟವೇ ಮಾಪಕದ ಸೊನ್ನೆ ಡೆಸಿಬೆಲ್. ಅದನ್ನು ಮೀರಿದ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಆಮೇಲೆ ದನಿ ತಗ್ಗಿಸಿದರೂ ಅದು ಮರಳದು. ಅತ್ಯುತ್ತಮ ಟೇಕೇ ಹೀಗೆ ಹಾಳಾಗುವುದು ಹೆಚ್ಚು. ಹುರುಪು ಬಂದಾಗ ಕೈಯೂ ಬಿರುಸಾಗುತ್ತದಲ್ಲವೇ?

ಆದ್ದರಿಂದ ತಂತಿಯನ್ನು ಮೆಲ್ಲಗೆ ಮೀಟಿ ಮಟ್ಟ ಗೊತ್ತುಮಾಡಬೇಡಿ. ಹಾಡಿನ ಅತಿ ಜೋರಿನ ಭಾಗವನ್ನೇ ನುಡಿಸಿ, ಮಾಪಕ ಮೈನಸ್ 12 ಡೆಸಿಬೆಲ್ಲಿನ ಆಸುಪಾಸಿಗೆ ಏರುವಂತೆ ಗೇನ್ ಹೊಂದಿಸಿ. 24 ಬಿಟ್ ಮುದ್ರಣದಲ್ಲಿ ಇಷ್ಟು ತಗ್ಗಿಸಿದರೆ ನಷ್ಟವೇನಿಲ್ಲ.

ಗೇನ್ ಪೂರ್ತಿ ಇಳಿಸಿದರೂ ಕೆಂಪು ದೀಪ ಹೊತ್ತಿದರೆ? ಬಲವಾದ ಹಂಬಕರ್ ಪಿಕಪ್ಪುಗಳಿದ್ದರೆ ಹೀಗಾಗುವುದುಂಟು. ಪ್ಯಾಡ್ ಸ್ವಿಚ್ ಇದ್ದರೆ ಒತ್ತಿ. ಇಲ್ಲವಾದರೆ ಸ್ಕ್ರೂ ತಿರುಗಿಸಿ ಪಿಕಪ್ಪನ್ನು ತಂತಿಗಳಿಂದ ತುಸು ದೂರಕ್ಕೆ ಇಳಿಸಿ. ಗಿಟಾರಿನ ವಾಲ್ಯೂಮ್ ತಗ್ಗಿಸಲೂಬಹುದು, ಆದರೆ ಅನೇಕ ಗಿಟಾರುಗಳಲ್ಲಿ ಆಗ ನಾದದ ಹೊಳಪೂ ಕೊಂಚ ಮಂಕಾಗುತ್ತದೆ.