ಜ್ಞಾನದಾಸೋಹವೂ ಅಧ್ಯಾಪಕರ ಕೂಡುಬರಹವೂ
(ಸೈದಾಪುರ ಪ್ರಾಂತದ ಅಧ್ಯಾಪಕರ ಸಭೆಯಲ್ಲಿ ಮಾಡಿದ ಉಪನ್ಯಾಸ)



ದಾಸೋಹದ ಮನೆಯಲ್ಲಿ ಉಣ್ಣುವವರು ಎಷ್ಟು ಮುಖ್ಯರೋ ನೀಡುವವರೂ ಅಷ್ಟೇ ಮುಖ್ಯರು. ಎಲ್ಲರೂ ಪಂಕ್ತಿಯಲ್ಲಿಯೇ ಕುಳಿತರೆ ಒಲೆ ಹೊತ್ತಿಸುವವರಾರು? ಅನ್ನದಾಸೋಹದ ಈ ನ್ಯಾಯವು ಜ್ಞಾನದಾಸೋಹಕ್ಕೂ ಸಲ್ಲತಕ್ಕದ್ದು.

ಪೂರ್ವದಲ್ಲಿ ಮಠಗಳೊಳಗೆ ತಾಡವೋಲೆಯ ಗ್ರಂಥಗಳನ್ನು ಪ್ರತಿ ಮಾಡುತ್ತಿದ್ದರು. ಒಬ್ಬ ಲಿಪಿಕಾರನ ತಪ್ಪು ಮುಂದಿನ ಪ್ರತಿಗೂ ಇಳಿಯುವದು. ಬಲ್ಲವರು ಪ್ರತಿಗಳನ್ನು ಹೋಲಿಸಿ ಅದನ್ನು ತಿದ್ದುವರು. ಶೂನ್ಯಸಂಪಾದನೆಯನ್ನೇ ನೋಡಿರಿ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಅದನ್ನು ಮೊದಲು ಸಂಕಲಿಸಿದನು. ಆಮೇಲೆ ಹಲಗೆಯದೇವನೂ ಗುಮ್ಮಳಾಪುರದ ಸಿದ್ಧಲಿಂಗಯತಿಯೂ ಗೂಳೂರ ಸಿದ್ಧವೀರಣ್ಣನೂ ಅದನ್ನು ಪರಿಷ್ಕರಿಸಿ ಬೆಳೆಸಿದರು. ಬಲ್ಲವರ ಹಲವು ಕೈ ಕೂಡಿದುದರಿಂದ ಗ್ರಂಥವು ಕೆಡದೆ ತುಂಬಿ ಬಂದಿತು.

ಇದೇ ಧರ್ಮವುಳ್ಳ ಒಂದು ನೂತನ ಸಾಧನವು ಈ ಕಾಲದಲ್ಲಿ ಒದಗಿದೆ. 1995ರಲ್ಲಿ ಅಮೇರಿಕೆಯ ವಾರ್ಡ್ ಕನಿಂಗ್‌ಹ್ಯಾಮ್ ಎಂಬವರು ಅಂತರ್ಜಾಲದಲ್ಲಿ ಓದುವವನೇ ತಿದ್ದಬಹುದಾದ ಪುಟಗಳನ್ನು ನಿರ್ಮಿಸಿ, ಹವಾಯಿ ಭಾಷೆಯಲ್ಲಿ ‘ಬೇಗ’ ಎಂಬರ್ಥದ ‘ವಿಕಿ’ ಶಬ್ದದಿಂದ ಅವನ್ನು ಕರೆದರು. 2001ರಲ್ಲಿ ವಿಕಿಪೀಡಿಯವೂ 2003ರಲ್ಲಿ ಕನ್ನಡ ವಿಕಿಪೀಡಿಯವೂ ಹುಟ್ಟಿದವು. ಇಲ್ಲಿ ಯಾರು ಯಾವಾಗ ಏನನ್ನು ತಿದ್ದಿದರೆಂಬದು ದಾಖಲಾಗಿ ಉಳಿಯುವದು. ತಿದ್ದುಪಡಿ ತಪ್ಪಾಗಿದ್ದರೆ ಹಿಂದಿನ ಪಾಠವನ್ನು ಮರಳಿ ತರಬಹುದು. ಭಿನ್ನಾಭಿಪ್ರಾಯವನ್ನು ಚರ್ಚಿಸಲಿಕ್ಕೆ ಬೇರೆ ಪುಟವೇ ಉಂಟು.

ಕರ್ನಾಟಕದ ಅಧ್ಯಾಪಕರೂ ಇದನ್ನು ಕೈಕೊಂಡಿರುವರು. ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ವಿಕಿಯು 2013ರಲ್ಲಿ ಆರಂಭವಾಯಿತು. ಸರ್ಕಾರದ ಶಿಕ್ಷಣ ಇಲಾಖೆಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಕೂಡಿ ಇದನ್ನು ನಡೆಯಿಸಿದವು. ಗಣಿತ, ವಿಜ್ಞಾನ, ಸಮಾಜವಿಜ್ಞಾನ ಮೊದಲಾದ ಪಾಠಗಳಿಗೆ ಬೇಕಾದ ಚಟುವಟಿಕೆಗಳನ್ನು ಶಿಕ್ಷಕರೇ ಕಾರ್ಯಾಗಾರಗಳಲ್ಲಿ ಕುಳಿತು ಬರೆದರು. ಮೂಲಕರ್ತೃವನ್ನು ಹೆಸರಿಸಿ, ತನ್ನ ತಿದ್ದುಪಡಿಯನ್ನೂ ಅದೇ ರೀತಿ ಹಂಚುವದಾದರೆ, ಯಾರಾದರೂ ಇವನ್ನು ಬಳಸಬಹುದೆಂಬದು ಅದರ ನಿಯಮ.

ಈ ನಾಡಿಗೆ ಇದರ ಅವಶ್ಯಕತೆ ಬಹಳ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 52. ರಾಜ್ಯದಲ್ಲಿ ಅದೇ ಕನಿಷ್ಠ. ತಾಯಿತಂದೆಗಳೊಡನೆ ಗುಳೆ ಹೋದ ಕೂಸು ತಿಂಗಳುಗಳ ಮೇಲೆ ಶಾಲೆಗೆ ಮರಳಿದರೆ, ತಪ್ಪಿದ ಪಾಠವನ್ನು ಎಲ್ಲಿಂದ ಹಿಡಿದು ಕೂಡಿಸಬೇಕು? ಅದನ್ನು ಬಲ್ಲವನು ಆ ಊರಿನ ಮಾಸ್ತರನೇ. ಸೈದಾಪುರದ ಒಬ್ಬ ಮಾಸ್ತರನು ಇದಕ್ಕೊಂದು ಉಪಾಯವನ್ನು ಕಂಡು ತನ್ನ ವಹಿಯಲ್ಲಿಯೇ ಬರೆದಿಟ್ಟರೆ, ಅದು ಅವನ ವರ್ಗಾವಣೆಯೊಡನೆ ಹೊರಟುಹೋಗುವದು. ಕೂಡುಬರಹದಲ್ಲಿ ಇಟ್ಟರೆ ಸುರಪುರದ ಮಾಸ್ತರನು ಅದನ್ನು ಬಳಸಿ ತಿದ್ದುವನು. ಭೀಮಾ ಕೃಷ್ಣೆಯರ ಕರಿಮಣ್ಣು, ತೊಗರಿ ಹತ್ತಿಗಳ ಲೆಕ್ಕ, ಶಹಾಪುರದ ಬುದ್ಧ ಮಲಗಿದ ಬೆಟ್ಟ, 1858ರಲ್ಲಿ ಇಂಗ್ಲಿಷರನ್ನೆದುರಿಸಿದ ಸುರಪುರದ ರಾಜಾ ವೆಂಕಟಪ್ಪ ನಾಯಕ — ಇವುಗಳ ಪಾಠವನ್ನು ದೂರದ ಬೆಂಗಳೂರಿನವರು ಬರೆಯಲೆಂದು ಕಾಯುವದು ಉಚಿತವೇ?

ಅಡ್ಡಿಗಳಿಲ್ಲವೆಂದಲ್ಲ. ನುಡಿಯ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಪಾಠವು ಯೂನಿಕೋಡಿಗೆ ಮಾರ್ಪಡದ ಹೊರತು ಅಲ್ಲಿ ಓದಲಿಕ್ಕೆ ಬಾರದು. ಕೆಲವು ಹಳ್ಳಿಗಳಲ್ಲಿ ವಿದ್ಯುತ್ತೂ ಸಂಪರ್ಕವೂ ಕೈಕೊಡುವವು. ಆದರೆ ಇವೆಲ್ಲಕ್ಕಿಂತ ದೊಡ್ಡ ಅಡ್ಡಿಯು ಮನಸ್ಸಿನದು. ವಿಕಿಗಳಲ್ಲಿ ಓದುವವರು ಬಹಳ, ಬರೆಯುವವರು ವಿರಳ. ತನ್ನ ತಪ್ಪು ಹತ್ತು ಜನರಿಗೆ ಕಂಡೀತೆಂಬ ಅಂಜಿಕೆಯೇ ಕೈಯನ್ನು ತಡೆಯುವದು. ಆದರೆ ತರಗತಿಯಲ್ಲಿ ಮುಚ್ಚಿಹೋದ ತಪ್ಪು ಮಕ್ಕಳ ತಲೆಯಲ್ಲಿ ಉಳಿಯುವದು. ಪುಟದಲ್ಲಿ ಕಂಡ ತಪ್ಪಾದರೋ ಯಾರಿಂದಲಾದರೂ ತಿದ್ದಲ್ಪಡುವದು. ಯಾವುದರಿಂದ ಅಂಜಬೇಕೆಂಬದನ್ನು ಅಧ್ಯಾಪಕರೇ ವಿಚಾರಿಸಲಿ. ಅನ್ಯರ ಬರಹವನ್ನು ತನ್ನದೆಂದು ತೋರಿಸುವವನೂ, ಪರೀಕ್ಷಿಸದೆ ಇಳಿಸಿಕೊಂಡು ಓದಿಸುವವನೂ ಈ ದಾಸೋಹಕ್ಕೆ ದ್ರೋಹ ಮಾಡಿದಂತೆಯೇ.

ಆದುದರಿಂದ ಪ್ರತಿಯೊಬ್ಬ ಅಧ್ಯಾಪಕನು ವರ್ಷಕ್ಕೆ ಒಂದೇ ಪಾಠವನ್ನಾದರೂ, ತಾನು ಮಕ್ಕಳ ಮುಂದೆ ನಡೆಯಿಸಿ ನೋಡಿದ್ದನ್ನು, ಬರೆದು ಇಡಲಿ; ಇನ್ನೊಬ್ಬನ ಒಂದು ಪಾಠವನ್ನು ವಿನಯದಿಂದ ತಿದ್ದಲಿ. ಉಂಡವನು ಎದ್ದು ನೀಡಲು ನಿಂತಾಗಲೇ ದಾಸೋಹವು ಪೂರ್ಣವಾಗುವದು. ಗುಳೆಯಿಂದ ಮರಳಿದ ಕೂಸಿನ ಪಾಲು ಆ ಪಂಕ್ತಿಯಲ್ಲಿ ಇನ್ನೂ ಉಳಿದಿದೆ.