ಬಾಗಿಲಿಗೆ ಸಿಕ್ಕಿಕೊಂಡ ಪೊಲೀಸಪ್ಪ

(ನಮ್ಮ ಬಳಗದ ಭಾನುವಾರದ ಪ್ರದರ್ಶನದಲ್ಲಿ ‘ಸರ್ಪಿಕೊ’ ಚಿತ್ರ ತೋರಿಸಿದ ಮೇಲೆ ಆಡಿದ ಮಾತು. ಅಂದು ಬರಲಾಗದ ಓದುಗರಿಗಾಗಿ ಇಲ್ಲಿ ಕೊಟ್ಟಿದೆ.)



ಇಂಗ್ಲಿಷ್ ಸಿನಿಮಾ ತೋರಿಸಿ ಕನ್ನಡ ಪತ್ರಿಕೆಯಲ್ಲಿ ಭಾಷಣ ಕೊರೆಯುತ್ತಿದ್ದಾನಲ್ಲ ಇವನು ಎಂದು ನಿಮ್ಮಲ್ಲಿ ಕೆಲವರು ಮೂಗು ಮುರಿಯುತ್ತೀರಿ. ಮುರಿಯಿರಿ. ಪೂರ್ತಿ ಓದಿದ ಮೇಲೆ ಬೈಯಿರಿ, ಕೇಳಿಸಿಕೊಳ್ಳುತ್ತೇನೆ.

ಇದು 1973ರ ಚಿತ್ರ. ನಿರ್ದೇಶಕ ಸಿಡ್ನಿ ಲ್ಯುಮೆಟ್, ನಾಯಕ ಅಲ್ ಪಚೀನೊ. ಕಟ್ಟುಕತೆಯಲ್ಲ. ಫ್ರ್ಯಾಂಕ್ ಸರ್ಪಿಕೊ ಎಂಬ ನಿಜವಾದ ಪೊಲೀಸನ ಕತೆ. ಇಟಲಿಯಿಂದ ವಲಸೆ ಬಂದ ಬಡ ಕುಟುಂಬದ ಮಗ. 1959ರಲ್ಲಿ ನ್ಯೂಯಾರ್ಕ್ ಪೊಲೀಸ್ ಪಡೆ ಸೇರಿದ.

ಚಿತ್ರದ ಶುರುವಿಗೇ ಒಂದು ಸಣ್ಣ ದೃಶ್ಯವಿದೆ. ಹೊಸ ಪೇದೆ ಸರ್ಪಿಕೊ ಹೋಟೆಲಿಗೆ ಹೋಗಿ ತನಗೆ ಬೇಕಾದ ಊಟ ಕೇಳುತ್ತಾನೆ. ಜೊತೆಯವನು ತಡೆಯುತ್ತಾನೆ: ಇಲ್ಲಿ ನಾವು ಕೇಳುವಂತಿಲ್ಲ, ಹೋಟೆಲಿನವನು ಕೊಟ್ಟಿದ್ದನ್ನು ತಿನ್ನಬೇಕು, ಏಕೆಂದರೆ ದುಡ್ಡು ಕೊಡುವುದಿಲ್ಲವಲ್ಲ! ಆ ಊಟಕ್ಕೆ ಬದಲಾಗಿ ಹೋಟೆಲಿನ ಮುಂದೆ ಅಡ್ಡಾದಿಡ್ಡಿ ನಿಂತ ಗಾಡಿಗಳು ಪೊಲೀಸರ ಕಣ್ಣಿಗೆ ಬೀಳುವುದಿಲ್ಲ. ಯಾರೂ ಯಾರಿಗೂ ಬಂದೂಕು ತೋರಿಸಿಲ್ಲ, ಯಾರ ಮನೆಯೂ ಹಾಳಾಗಿಲ್ಲ. ಒಂದು ಪ್ಲೇಟು ಊಟ ಅಷ್ಟೆ. ಇಡೀ ಚಿತ್ರದಲ್ಲಿ ನನ್ನನ್ನು ಅಲ್ಲಾಡಿಸಿದ್ದು ಗುಂಡಿನ ಸದ್ದಲ್ಲ, ಈ ಊಟ. ನಮ್ಮೂರಿನ ಬೀದಿಬದಿಯ ಇಡ್ಲಿ ಗಾಡಿಯವರಿಗೆ ಈ ದೃಶ್ಯದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಊಟದಿಂದ ಲಕೋಟೆಗೆ ದೂರವೇನಿಲ್ಲ. 1966ರಲ್ಲಿ ಮಫ್ತಿ ಪಡೆಯಲ್ಲಿದ್ದಾಗ ಜೂಜಿನವನೊಬ್ಬ ಕಳಿಸಿದ 300 ಡಾಲರಿನ ಲಕೋಟೆ ಸರ್ಪಿಕೊ ಕೈಗೆ ಬಂತು. ಆತ ಅದನ್ನು ಮೇಲಿನವರಿಗೆ ತೋರಿಸಿದ. ತನಿಖಾ ವಿಭಾಗದ ಕ್ಯಾಪ್ಟನ್ ಕೊಟ್ಟ ಉಪದೇಶ ಏನು ಗೊತ್ತೇ? ಒಂದೋ ಇದನ್ನು ಮರೆತುಬಿಡು, ಇಲ್ಲವೇ ಸಾಕ್ಷಿ ಹೇಳಲು ಹೋಗಿ ನದಿಯಲ್ಲಿ ಹೆಣವಾಗಿ ತೇಲು. ಭ್ರಷ್ಟರನ್ನು ಹಿಡಿಯಲೆಂದೇ ಸಂಬಳ ತಿನ್ನುವ ಅಧಿಕಾರಿಯ ಮಾತು ಇದು ಸ್ವಾಮಿ!

ಅಲ್ಲಿನ ಮಾಮೂಲಿಯ ಲೆಕ್ಕ ಎಷ್ಟು ಶಿಸ್ತಿನದು ಎಂದರೆ ಸರ್ಕಾರಿ ಖಜಾನೆಯೂ ನಾಚಬೇಕು. ಜೂಜುಕಟ್ಟೆಗಳಿಂದ ತಿಂಗಳು ತಿಂಗಳು ವಸೂಲಿ, ಆಮೇಲೆ ಸಮಪಾಲು. ಮುಂದೆ ನ್ಯಾಪ್ ಆಯೋಗ ಹೇಳಿದ ಪ್ರಕಾರ ಮಿಡ್‌ಟೌನ್ ಮ್ಯಾನ್‌ಹಟನ್‌ನಲ್ಲಿ ಒಬ್ಬೊಬ್ಬನ ಪಾಲು 300ರಿಂದ 400 ಡಾಲರ್. ಕಪ್ಪು ಜನರ ಹಾರ್ಲೆಮ್‌ನಲ್ಲಿ 1500 ಡಾಲರ್. ಬಡವರ ಕೇರಿಯಲ್ಲೇ ಹೆಚ್ಚು ಫಸಲು, ಗಮನಿಸಿ. ಹೊಸದಾಗಿ ಬಂದವನಿಗೆ ಮೊದಲ ಎರಡು ತಿಂಗಳು ಪಾಲಿಲ್ಲ. ಅವನು ಬಾಯಿಬಡುಕನೋ ನಂಬಿಕಸ್ಥನೋ ನೋಡಬೇಕಲ್ಲ. ಆ ಬಾಕಿಯನ್ನು ವರ್ಗವಾಗಿ ಹೋಗುವಾಗ ಚುಕ್ತಾ ಮಾಡುತ್ತಿದ್ದರು. ಕಳ್ಳತನದಲ್ಲೂ ಇಷ್ಟು ಪ್ರಾಮಾಣಿಕತೆ!

ಸರ್ಪಿಕೊ ಮತ್ತು ಆತನ ಜೊತೆಗಾರ ಡೇವಿಡ್ ಡರ್ಕ್ ಹತ್ತದ ಮೆಟ್ಟಿಲಿಲ್ಲ. ಮೇಯರ್ ಕಚೇರಿಯವರು, ಬೇಸಿಗೆಯಲ್ಲಿ ಗಲಭೆಯಾಗುವ ಸಂಭವವಿದೆ, ಈಗ ಪೊಲೀಸರ ಮನಸ್ಸು ನೋಯಿಸಬಾರದು ಎಂದರು. ಮೊಕದ್ದಮೆ ಬಿದ್ದದ್ದು ಕೆಳಗಿನ ಕೆಲವರ ಮೇಲೆ ಮಾತ್ರ. ಕೊನೆಗೆ ಪತ್ರಿಕೆಗೆ ಹೋದರು. 1970ರ ಏಪ್ರಿಲ್ 25ರಂದು ‘ನ್ಯೂಯಾರ್ಕ್ ಟೈಮ್ಸ್’ ಮೊದಲ ಪುಟದಲ್ಲಿ ಸುದ್ದಿ ಹಾಕಿತು. ವರ್ಷಗಟ್ಟಲೆ ಕೇಳಿಸದಿದ್ದ ಮೇಯರ್ ಜಾನ್ ಲಿಂಡ್ಸೆಯವರ ಕಿವಿ ಆಗ ತೆರೆಯಿತು, ಆಯೋಗ ಬಂತು.

ಇನ್ನು ಆ ಬಾಗಿಲಿನ ವಿಷಯ. ನಮ್ಮ ಪತ್ರಿಕೆಯಲ್ಲಿ ನಾನು ಈ ಚಿತ್ರ ಎತ್ತಿಕೊಂಡಿರುವುದು ಇದಕ್ಕೇ.

1971ರ ಫೆಬ್ರವರಿ 3ರ ರಾತ್ರಿ ಬ್ರೂಕ್ಲಿನ್‌ನಲ್ಲಿ ಮಾದಕವಸ್ತು ಮಾರುವವನ ಮನೆಯ ಮೇಲೆ ದಾಳಿ. ಬಾಗಿಲು ತೆಗೆಸಲು ಮುಂದೆ ಬಿಟ್ಟದ್ದು ಸರ್ಪಿಕೊನನ್ನು. ಏಕೆ? ಆತನಿಗೆ ಸ್ಪ್ಯಾನಿಷ್ ಬರುತ್ತಿತ್ತು. ಬಾಗಿಲು ಸ್ವಲ್ಪ ತೆರೆಯಿತು, ಆತ ಭುಜ ಕೊಟ್ಟು ನುಗ್ಗಿದ, ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡ. ಹಿಂದಿದ್ದ ಜೊತೆಗಾರರನ್ನು ಕೂಗಿದ. ಅವರು ಬರುವ ಮೊದಲೇ ಮುಖಕ್ಕೆ ಗುಂಡು ಬಿತ್ತು. ಪೊಲೀಸನಿಗೆ ಗುಂಡು ಬಿದ್ದಿದೆ ಎಂಬ ತುರ್ತು ಕರೆಯನ್ನು ಜೊತೆಗಾರರು ಕೊಡಲೇ ಇಲ್ಲ, ಪಕ್ಕದ ಮನೆಯ ಸ್ಪ್ಯಾನಿಷ್ ಮಾತಿನ ಮುದುಕ ಫೋನ್ ಮಾಡಿ ತನ್ನ ಪಕ್ಕ ನಿಂತ ಎಂದು ಸರ್ಪಿಕೊ ಮುಂದೆ ಹಲವು ಸಲ ಹೇಳಿದ್ದಾನೆ. ಜನರ ಭಾಷೆ ಬರುತ್ತದೆಂದು ಆತನನ್ನು ಮುಂದೆ ದೂಡಿದವರು ಇಲಾಖೆಯವರು. ಉಳಿಸಿದವನು ಆ ಭಾಷೆಯವನು. ಬೇಕೆಂದೇ ಸಿಕ್ಕಿಸಿದರೆ? ಅದು ಸಾಬೀತಾಗಿಲ್ಲ. ಚಿತ್ರವೂ ಹಾಗೆಂದು ತೀರ್ಪು ಕೊಡುವುದಿಲ್ಲ. ಅದು ಲ್ಯುಮೆಟ್‌ನ ದೊಡ್ಡತನ.

ಸರ್ಪಿಕೊನ ಒಂದು ಕಿವಿ ಹೋಯಿತು. ಅದೇ ಡಿಸೆಂಬರಿನಲ್ಲಿ ಆಯೋಗದ ಮುಂದೆ ಸಾಕ್ಷಿ ಹೇಳಿದ. ಆಯೋಗದ ವರದಿ ಲಂಚಕೋರರನ್ನು ಎರಡು ಪಂಗಡ ಮಾಡಿತು: ಸಿಕ್ಕಿದ್ದನ್ನು ಮೇಯುವ ಹುಲ್ಲುಬಾಕರು, ಹುಡುಕಿಕೊಂಡು ಹೋಗಿ ಕೀಳುವ ಮಾಂಸಬಾಕರು. ಅಪಾಯ ಹುಲ್ಲುಬಾಕರಿಂದಲೇ ಹೆಚ್ಚು, ಅವರ ಸಂಖ್ಯೆಯೇ ಲಂಚಕ್ಕೆ ಮರ್ಯಾದೆ ತಂದುಕೊಡುತ್ತದೆ ಎಂದಿತು. ಮತ್ತೆ ಆ ಹೋಟೆಲಿನ ಊಟ ನೆನಪಿಸಿಕೊಳ್ಳಿ. 1972ರಲ್ಲಿ ಕೆಲಸ ಬಿಟ್ಟು ಯುರೋಪಿಗೆ ಹೋದ ಈ ಮನುಷ್ಯನ ಶೌರ್ಯ ಪದಕಕ್ಕೆ ಪ್ರಮಾಣಪತ್ರ ಕೈಗೆ ಬಂದದ್ದು 2022ರಲ್ಲಿ. ಐವತ್ತು ವರ್ಷ!

ಚಿತ್ರದ ಮೇಲೆ ನನಗೊಂದು ತಕರಾರಿದೆ. ಡೇವಿಡ್ ಡರ್ಕ್‌ನ ಹೆಸರನ್ನೇ ಬದಲಿಸಿ ಮೂಲೆಗೆ ಕೂರಿಸಿದ್ದಾರೆ. ಪತ್ರಿಕೆಯ ಬಾಗಿಲು ತಟ್ಟಿದ್ದು ಒಬ್ಬನಲ್ಲ. ಒಬ್ಬನೇ ನಾಯಕ ಎಂಬ ಚಪಲ ಹಾಲಿವುಡ್ಡಿಗೂ ಇದೆ, ನಮಗೂ ಇದೆ. 1988ರ ‘ಸಾಂಗ್ಲಿಯಾನ’ದಲ್ಲಿ ಶಂಕರ್‌ನಾಗ್ ಖಾಕಿ ತೊಟ್ಟು ಬಂದಾಗ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಆದರೆ ಸರ್ಪಿಕೊಗೆ ಶಿಳ್ಳೆ ಹೊಡೆಯಲು ಆಗುವುದಿಲ್ಲ. ಅವನ ಖಳರು ಠಾಣೆಯೊಳಗೇ ಟೀ ಕುಡಿಯುತ್ತ ಕೂತಿರುತ್ತಾರೆ.

ನಮ್ಮ ಠಾಣೆಗೆ ಬರೋಣ. 1963ರ ರಾಜಭಾಷಾ ಕಾಯ್ದೆ ಕನ್ನಡವನ್ನು ಆಡಳಿತದ ಭಾಷೆ ಮಾಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಹೆಸರೊಂದನ್ನು ಮಾತ್ರ ದಿಲ್ಲಿಯವರು ತಮ್ಮ ಭಾಷೆಯಲ್ಲೇ ಇಟ್ಟುಕೊಂಡರು) 173ನೇ ಕಲಮಿನಲ್ಲಿ ಹಳೆಯ 154ರ ಮಾತನ್ನೇ ಹೇಳುತ್ತದೆ. ನೀವು ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಳ್ಳಬೇಕು, ನಿಮಗೆ ಓದಿ ಹೇಳಬೇಕು, ಆಮೇಲೆ ಸಹಿ. ಪ್ರತಿ ಪುಕ್ಕಟೆ. ಕಾಗದದ ಖರ್ಚು ಎಂದು ಕೇಳಿದರೆ ಕೊಡಬೇಡಿ. ಅರ್ಥವಾಗದ ಭಾಷೆಯಲ್ಲಿ ಬರೆದಿದ್ದರೆ ಸಹಿ ಹಾಕಬೇಡಿ. ಕನ್ನಡದಲ್ಲಿ ಓದಿ ಹೇಳಿ ಎನ್ನಿ, ಓದುವವರೆಗೆ ಬೆಂಚಿನ ಮೇಲೆ ಕೂತಿರಿ. ಒಬ್ಬರೇ ಹೋಗಲು ಅಳುಕಾದರೆ ನಮ್ಮ ಬಳಗದ ಹುಡುಗರನ್ನು ಕರೆಯಿರಿ, ಜೊತೆಗೆ ಬಂದು ಕೂರುತ್ತಾರೆ.