ಕಾಡಿನ ನಡುವಿನ ಹಾಸಿಗೆ: ಬಾಡಿಗೆ ಯಾರಿಗೆ?

(ಕುಂದಾಪುರದಲ್ಲಿ ನಡೆದ ವಾರಾಂತ್ಯದ ಉಪನ್ಯಾಸವೊಂದರಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಪಠ್ಯ)



ಇವತ್ತಿನ ವಿಷಯ ಸಫಾರಿ ಲಾಡ್ಜ್. ಆಫ್ರಿಕದ ಮಾತು ಕುಂದಾಪುರದಲ್ಲೇಕೆ ಎಂದು ನಿಮಗೆ ಅನಿಸಬಹುದು. ಮೊದಲು ಆ ಶಬ್ದವನ್ನೇ ನೋಡೋಣ. ಸಫಾರಿ ಎನ್ನುವುದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ಪದ, ಅರ್ಥ ಪ್ರಯಾಣ. ಸ್ವಾಹಿಲಿಗೆ ಅದು ಅರಬ್ಬಿಯಿಂದ ಬಂತು. ಹಿಂದಿ ಸಿನಿಮಾ ಹಾಡುಗಳಲ್ಲಿ ನಾವು ಕೇಳುವ 'ಸಫರ್' ಕೂಡ ಅದೇ ಮೂಲದ್ದು. ನಮ್ಮ ಬಸರೂರಿನ ಅಕ್ಕಿ ಹಡಗು ಹತ್ತಿ ಅರಬರ ಬಂದರುಗಳಿಗೆ ಹೋಗುತ್ತಿದ್ದ ಕಾಲವಿತ್ತು. ಆ ಕಡಲಿನ ಆಚೆ ದಡದ ಪದವೊಂದು ಈಗ ನಮ್ಮ ಘಟ್ಟದ ಬುಡದ ರಸ್ತೆಗಳ ಜಾಹೀರಾತು ಫಲಕಗಳಲ್ಲೂ ಕಾಣಿಸುತ್ತಿದೆ. ಹಾಗಾಗಿ ಅದರ ಪೂರ್ವೋತ್ತರ ತಿಳಿದುಕೊಳ್ಳುವುದು ಒಳ್ಳೆಯದು.

ಈ ಭಾಷಣದ ತಯಾರಿಯಲ್ಲಿದ್ದಾಗ ನಮ್ಮೂರಿನ ಹಿರಿಯರೊಬ್ಬರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಹ್ವಾಯ್, ಒಂದ್ ರಾತ್ರಿಗ್ ಎಷ್ಟ್ ತಕಂತ್ರ್?" ಎಷ್ಟು ಎಂದರೆ, ಬೋಟ್ಸ್ವಾನಾ ದೇಶದ ಒಕವಾಂಗೊ ಜೌಗು ಪ್ರದೇಶದಲ್ಲಿ ತಲೆಗೆ ಒಂದು ಸಾವಿರ ಡಾಲರ್ ಮೀರುವ ಲಾಡ್ಜ್‌ಗಳು ಹಲವಾರಿವೆ. ಆ ದೇಶ 1990ರ ಸುಮಾರಿನಿಂದ ಪಾಲಿಸಿಕೊಂಡು ಬಂದ ನೀತಿಯೇ 'ಕಡಿಮೆ ಜನ, ಹೆಚ್ಚು ಹಣ'. ಅಂಥ ಲಾಡ್ಜಿನಲ್ಲಿ ಕೆಲವೇ ಕೋಣೆಗಳಿರುತ್ತವೆ. ನೆಲಕ್ಕೆ ಸಿಮೆಂಟು ಸುರಿಯದೆ, ಮರದ ಕಂಬಗಳ ಮೇಲೆ ಕೋಣೆ ಎತ್ತಿರುತ್ತಾರೆ. ವಿದ್ಯುತ್ತು ಸೌರಫಲಕದಿಂದ. ಸ್ನಾನದ ನೀರು ಶುದ್ಧೀಕರಣಗೊಂಡೇ ಮಣ್ಣಿಗೆ ಸೇರುತ್ತದೆ. ರಾತ್ರಿ ದೀಪಗಳು ಮಂದ. ಮುಂಜಾನೆ ಚಹಾ ಕುಡಿಸಿ ಜೀಪಿನಲ್ಲಿ ಕರೆದೊಯ್ಯುತ್ತಾರೆ. ಮಧ್ಯಾಹ್ನ ವಿಶ್ರಾಂತಿ, ಸಂಜೆ ಮತ್ತೊಂದು ಸುತ್ತು. ಇದನ್ನು ಪರಿಸರಸ್ನೇಹಿ ಐಷಾರಾಮ ಎನ್ನುತ್ತಾರೆ.

ಇವೆಲ್ಲ ಒಳ್ಳೆಯ ವ್ಯವಸ್ಥೆಗಳೇ. ಆದರೆ ನಮ್ಮ ಹಿರಿಯರ ಪ್ರಶ್ನೆಯನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬೇಕು. ತೆಗೆದುಕೊಂಡ ಹಣ ಯಾರ ಕೈಗೆ ಹೋಗುತ್ತದೆ? ಲಾಡ್ಜ್ ನಿಂತಿರುವ ಜಾಗದಲ್ಲಿ ಮೊದಲು ಯಾರಿದ್ದರು? ಇವೆರಡನ್ನು ಕೇಳದೆ ಲಾಡ್ಜಿಗೆ ಹಸಿರು ಪ್ರಮಾಣಪತ್ರ ಕೊಡಲಾಗದು ಎಂಬುದು ನನ್ನ ವಾದ. ಅದಕ್ಕೆ ಇತಿಹಾಸವೇ ಸಾಕ್ಷಿ.

ಕೀನ್ಯಾದ ಅಬರ್ಡೇರ್ ಬೆಟ್ಟಗಳಲ್ಲಿ 1932ರಲ್ಲಿ ದೊಡ್ಡ ಅತ್ತಿ ಜಾತಿಯ ಮರವೊಂದರ ಮೇಲೆ ಕಟ್ಟಿದ 'ಟ್ರೀಟಾಪ್ಸ್' ಈ ಬಗೆಯ ಲಾಡ್ಜ್‌ಗಳ ಪೈಕಿ ಜಗತ್ಪ್ರಸಿದ್ಧ. ಕೆಳಗೆ ನೀರಿನ ಹೊಂಡ, ಮೇಲೆ ಕುಳಿತು ಆನೆ ನೋಡುವ ಬಿಳಿಯ ಅತಿಥಿಗಳು. 1952ರ ಫೆಬ್ರವರಿಯಲ್ಲಿ ಬ್ರಿಟನ್ನಿನ ರಾಜಕುಮಾರಿ ಎಲಿಜಬೆತ್ ಅಲ್ಲಿ ತಂಗಿದ್ದರು. ತಂದೆ ತೀರಿಕೊಂಡು ಆಕೆ ರಾಣಿಯಾದದ್ದು ಅದೇ ರಾತ್ರಿ. ಆಗ ಜತೆಗಿದ್ದವರು ಕುಮಾವೂನಿನ ನರಭಕ್ಷಕ ಹುಲಿಗಳ ಕತೆಗಾರ ಜಿಮ್ ಕಾರ್ಬೆಟ್. ಭಾರತಕ್ಕೆ ಸ್ವಾತಂತ್ರ್ಯ ಬಂದ ವರ್ಷ ಅವರು ಕೀನ್ಯಾಕ್ಕೆ ಹೋಗಿ ನೆಲೆಸಿದ್ದರು. ಇಷ್ಟು ಕತೆಯನ್ನು ಪ್ರವಾಸದ ಪುಸ್ತಕಗಳು ಹೇಳುತ್ತವೆ. ಅದಾದ ಎರಡೇ ವರ್ಷಕ್ಕೆ, 1954ರಲ್ಲಿ, ಮೌ ಮೌ ಹೋರಾಟಗಾರರು ಆ ಲಾಡ್ಜನ್ನು ಸುಟ್ಟು ಹಾಕಿದರು. ಸುತ್ತಲಿನ ಫಲವತ್ತಾದ ಭೂಮಿಯನ್ನು ಬಿಳಿಯರಿಗೆ ಕಳೆದುಕೊಂಡ ಕಿಕುಯು ಜನರ ಬಂಡಾಯ ಅದು. ಮರದ ಮೇಲಿನ ಆ ಮನೆ ಪ್ರಕೃತಿಗೆ ಏನೂ ಕೇಡು ಮಾಡಿರಲಿಲ್ಲ. ಆದರೂ ಉರಿಯಿತು.

ಈಗ ನಮ್ಮ ರಾಜ್ಯಕ್ಕೆ ಬರೋಣ. ಹೆಗ್ಗಡದೇವನಕೋಟೆಯ ಕಾಕನಕೋಟೆ ಕಾಡು ಮೈಸೂರು ಅರಸರ ಬೇಟೆಯ ತಾಣವಾಗಿತ್ತು. ಕಾಡಾನೆಗಳನ್ನು ಹಿಂಡುಹಿಂಡಾಗಿ ಹಿಡಿಯುವ ಖೆಡ್ಡಾ ಅಲ್ಲಿ ನಡೆಯುತ್ತಿತ್ತು. ವೈಸರಾಯ್‌ಗಳು ನೋಡಲು ಬರುತ್ತಿದ್ದರು. ಆನೆಯ ಜಾಡು ಹಿಡಿದವರು, ಪಳಗಿಸಿದವರು ಜೇನು ಕುರುಬರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು, ಖೆಡ್ಡಾ ನಡೆಯುತ್ತಿದ್ದ ಕಣಿವೆ ನೀರಿನಡಿ ಸೇರಿತು. ಹಳ್ಳಿಗಳು ಹೋದವು, ಹಾಡಿಗಳೂ ಹೋದವು. ವಾರಾಹಿ ಯೋಜನೆಯ ಮುಳುಗಡೆ ಕಂಡ ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಿನ್ನೀರು ಇನ್ನೊಂದು ವಿಚಿತ್ರ ಮಾಡಿತು. ಬೇಸಿಗೆಯಲ್ಲಿ ನೀರು ಇಳಿದಾಗ ತೇವದ ದಡದಲ್ಲಿ ಹುಲ್ಲು ಚಿಗುರುತ್ತದೆ. ಒಳಗಾಡಿನ ಹೊಂಡಗಳು ಬತ್ತಿದ ಆನೆಗಳು ನೂರಾರು ಸಂಖ್ಯೆಯಲ್ಲಿ ಅಲ್ಲಿಗೆ ಬರುತ್ತವೆ. ಈ ನೋಟವೇ ಬಂಡವಾಳವಾಯಿತು. 1980ರಲ್ಲಿ ಕರ್ನಾಟಕ ಸರ್ಕಾರ ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯೊಂದಿಗೆ ಸೇರಿ ಜಂಗಲ್ ಲಾಡ್ಜಸ್ ಕಂಪೆನಿ ಸ್ಥಾಪಿಸಿತು. ಕಾರಾಪುರದಲ್ಲಿದ್ದ ಮಹಾರಾಜರ ಹಳೆಯ ಬೇಟೆ ಬಂಗಲೆಗಳು ಕಬಿನಿ ರಿವರ್ ಲಾಡ್ಜ್ ಆದವು. 1987ರಲ್ಲಿ ಕಂಪೆನಿ ಪೂರ್ತಿ ಸರ್ಕಾರದ್ದಾಯಿತು. ಅದನ್ನು ಕಟ್ಟಿ ಬೆಳೆಸಿದವರು ಕರ್ನಲ್ ಜಾನ್ ವೇಕ್‌ಫೀಲ್ಡ್. ಬಿಹಾರದ ಗಯೆಯಲ್ಲಿ ಹುಟ್ಟಿದ ಇಂಗ್ಲಿಷರು, ಒಂದು ಕಾಲದ ಶಿಕಾರಿ. ಎಲ್ಲರಿಗೂ 'ಪಾಪಾ' ಆಗಿದ್ದ ಅವರು ಕೊನೆಯವರೆಗೂ ಆ ಲಾಡ್ಜಿನಲ್ಲೇ ಇದ್ದು 2010ರಲ್ಲಿ ತೀರಿಕೊಂಡರು.

ಕಬಿನಿ ಮಾದರಿಯಲ್ಲಿ ಮೆಚ್ಚುವಂಥದ್ದು ಇದೆ. ಹಳೆಯ ಕಟ್ಟಡಗಳನ್ನೇ ಬಳಸಿಕೊಂಡರು. ಲಾಡ್ಜ್ ಇರುವುದು ಅಭಯಾರಣ್ಯದ ಅಂಚಿನಲ್ಲಿ. ಗೋಲ್ ಘರ್ ಎಂಬ ದುಂಡನೆಯ ಭೋಜನಶಾಲೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಲಾಭ ಬಂದರೆ ಅದು ಸಾರ್ವಜನಿಕ ಕಂಪೆನಿಗೆ. ಆದರೆ ಅದರ ಯಶಸ್ಸನ್ನು ಕಂಡು ಹಿನ್ನೀರಿನ ದಡದಲ್ಲಿ ಖಾಸಗಿ ರೆಸಾರ್ಟುಗಳ ಸಾಲೇ ಎದ್ದಿತು. ಅವುಗಳಲ್ಲೊಂದರ ಕುಟೀರಗಳು ಕಾಡು ಕುರುಬರ ಹಾಡಿಯ ಗುಡಿಸಲಿನ ಮಾದರಿಯಲ್ಲಿವೆ. ಹಾಡಿಯಿಂದ ಹೊರಬಂದ ಕುಟುಂಬದ ಹುಡುಗನೊಬ್ಬ ಅಲ್ಲಿ ಕೆಲಸಕ್ಕೆ ಸೇರಿದರೆ ಏನನ್ನಿಸೀತು, ಯೋಚಿಸಿ.

ಕಾಡಿನ ಒಳಗೇ ಲಾಡ್ಜ್ ಮಾಡುವ ಪ್ರಯತ್ನವೂ ನಡೆಯಿತು. 1990ರ ದಶಕದಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಮೂರ್ಕಲ್‌ನಲ್ಲಿ ಅರಣ್ಯ ಇಲಾಖೆ ಕಟ್ಟಿದ್ದ ವಸತಿಗಳನ್ನು ತಾಜ್ ಸಮೂಹದ ಗೇಟ್‌ವೇ ಹೋಟೆಲ್ಸ್‌ಗೆ ಸರ್ಕಾರ ಗುತ್ತಿಗೆಗೆ ಕೊಟ್ಟಿತು. ಸೌದೆ ಆಯುವುದಕ್ಕೂ, ಜೇನು ಕೀಳುವುದಕ್ಕೂ ತಡೆ ಎದುರಿಸುತ್ತಿದ್ದ ಆದಿವಾಸಿಗಳು, ನಮಗಿಲ್ಲದ ಕಾಡು ಹೋಟೆಲಿಗೆ ಹೇಗೆ ಎಂದು ಕೇಳಿದರು. ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿಗೆ ಹೋಯಿತು. ಈ ಗುತ್ತಿಗೆ ಅರಣ್ಯ ಸಂರಕ್ಷಣೆ ಮತ್ತು ವನ್ಯಜೀವಿ ಸಂರಕ್ಷಣಾ ಕಾಯಿದೆಗಳಿಗೆ ವಿರುದ್ಧ ಎಂದು 1997ರಲ್ಲಿ ಕೋರ್ಟು ತೀರ್ಪಿತ್ತಿತು. ಹೋಟೆಲ್ ನಿಂತಿತು. ದೇಶದ ಪ್ರವಾಸೋದ್ಯಮದ ಚರಿತ್ರೆಯಲ್ಲಿ ಇದು ಸಣ್ಣ ಘಟನೆಯಲ್ಲ.

ಸರಿ, ಬೇರೆ ದಾರಿಯೇ ಇಲ್ಲವೇ? ಇದೆ, ಮತ್ತು ಅದನ್ನು ತೋರಿಸಿದ್ದೂ ಆಫ್ರಿಕವೇ. ನಮೀಬಿಯಾ 1996ರಲ್ಲಿ ಕಾನೂನು ತಿದ್ದಿ, ಹಳ್ಳಿಗರ ಸಂಘಗಳಿಗೆ ತಮ್ಮ ನೆಲದ ವನ್ಯಜೀವಿಗಳಿಂದ ಬರುವ ಆದಾಯದ ಹಕ್ಕು ಕೊಟ್ಟಿತು. ಈಗ ಅಲ್ಲಿ ಅಂಥ 80ಕ್ಕೂ ಹೆಚ್ಚು ಸಂಘಗಳಿವೆ. ಲಾಡ್ಜ್ ಕಂಪೆನಿ ಅವುಗಳ ಜತೆ ಕರಾರು ಮಾಡಿಕೊಳ್ಳಬೇಕು. ಕೀನ್ಯಾದ ಮಸಾಯಿ ಮಾರಾ ಮೀಸಲು ಪ್ರದೇಶದ ಸುತ್ತ, ಜಮೀನಿನ ಒಡೆಯರಾದ ಮಸಾಯಿ ದನಗಾಹಿಗಳಿಗೆ ಲಾಡ್ಜ್‌ಗಳು ನೆಲಬಾಡಿಗೆ ಕೊಡುತ್ತವೆ. ರುವಾಂಡಾದಲ್ಲಿ ಗೊರಿಲ್ಲಾ ನೋಡಲು ವಿದೇಶಿಯೊಬ್ಬ 2017ರಿಂದ 1,500 ಡಾಲರ್ ಶುಲ್ಕ ತೆರಬೇಕು; ಉದ್ಯಾನಗಳ ಪ್ರವಾಸೋದ್ಯಮದ ಆದಾಯದಲ್ಲಿ ಸುತ್ತಲಿನ ಹಳ್ಳಿಗಳ ಪಾಲನ್ನು ಅದೇ ವರ್ಷ ಶೇಕಡಾ 5ರಿಂದ 10ಕ್ಕೆ ಏರಿಸಿದರು. ಆಫ್ರಿಕದಲ್ಲಿ ಎಲ್ಲವೂ ನೆಟ್ಟಗಿದೆ ಎಂದಲ್ಲ. ಟಾಂಜಾನಿಯಾದ ಲೋಲಿಯೊಂಡೊದಲ್ಲಿ 2022ರ ಜೂನ್‌ನಲ್ಲಿ 1,500 ಚದರ ಕಿ.ಮೀ. ಭೂಮಿಗೆ ಗಡಿಕಲ್ಲು ನೆಡಲು ಬಂದ ಪೊಲೀಸರಿಗೂ ಮಸಾಯಿಗಳಿಗೂ ಘರ್ಷಣೆಯಾಯಿತು. ಪಾಲು ಕೊಟ್ಟಲ್ಲಿ ಒಂದು ಕತೆ, ಕೊಡದಲ್ಲಿ ಇನ್ನೊಂದು.

ನಮ್ಮಲ್ಲಿ ಏನಾಯಿತು? 2012ರಲ್ಲಿ ಸುಪ್ರೀಂ ಕೋರ್ಟು ಹುಲಿ ಯೋಜನೆಯ ಕೇಂದ್ರಭಾಗಗಳಲ್ಲಿ ಪ್ರವಾಸೋದ್ಯಮವನ್ನು ಕೆಲವು ತಿಂಗಳು ತಡೆಹಿಡಿಯಿತು. ಕೇಂದ್ರಭಾಗದ ಶೇಕಡಾ 20ಕ್ಕಿಂತ ಹೆಚ್ಚು ಪ್ರದೇಶ ಬಳಸಬಾರದೆಂಬ ಮಾರ್ಗಸೂಚಿ ಬಂದ ಮೇಲೆ ತಡೆ ತೆರವಾಯಿತು. 2025ರ ನವೆಂಬರಿನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ, ಜನರ ಸಿಟ್ಟಿಗೆ ಮಣಿದು ಸರ್ಕಾರ ಬಂಡೀಪುರ, ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಿತು. ಹುಲಿ ಊರಿಗೆ ಬರಲು ಸಫಾರಿ ಕಾರಣವೇ ಅಲ್ಲವೇ ಎಂಬುದನ್ನು ತಜ್ಞರು ಚರ್ಚಿಸಲಿ. ನಮಗೆ ಕಾಣುವ ಸತ್ಯ ಸರಳ. ಹುಲಿಯಿಂದ ಬರುವ ಹಣ ಒಬ್ಬರಿಗೆ, ಹುಲಿಯ ಭಯ ಮತ್ತೊಬ್ಬರಿಗೆ ಎಂದಾದರೆ ಸಿಟ್ಟು ಬಾರದೆ ಇರುತ್ತದೆಯೇ?

ಇನ್ನು ನಮ್ಮ ಮೂರು ತಾಲೂಕುಗಳ ಮಾತು. ಬೈಂದೂರು, ಕುಂದಾಪುರದ ಬೆನ್ನಿಗೆ ಮೂಕಾಂಬಿಕಾ ಅಭಯಾರಣ್ಯವಿದೆ. 1974ರಲ್ಲಿ ಘೋಷಣೆಯಾಗಿ, 2011ರ ವಿಸ್ತರಣೆಯ ಬಳಿಕ ಸುಮಾರು 370 ಚದರ ಕಿ.ಮೀ. ಆಗಿದೆ. ಬ್ರಹ್ಮಾವರದ ಮೂಡಣಕ್ಕೆ ಸೋಮೇಶ್ವರ ಅಭಯಾರಣ್ಯ. ಅಲ್ಲಿ ಹೆಬ್ರಿಯ ಸಮೀಪ ಜಂಗಲ್ ಲಾಡ್ಜಸ್‌ನ ಸೀತಾನದಿ ನೇಚರ್ ಕ್ಯಾಂಪ್ ಇದೆ. ನಮ್ಮ ಕಾಡು ಕಬಿನಿಯಂತಲ್ಲ. ಬಯಲಿನಲ್ಲಿ ಆನೆ ಹಿಂಡು ಕಾಣಿಸುವ ಜಾಗವಲ್ಲ ಇದು. ದಟ್ಟ ಮರ, ಮೇಲೆ ಸಿಂಗಳೀಕ, ಕೆಳಗೆ ಕಾಳಿಂಗ, ಆರು ತಿಂಗಳು ಮಳೆ, ಜಿಗಣೆ. ಜೀಪಿನಲ್ಲಿ ಕುಳಿತು ನೋಡುವುದಕ್ಕಿಂತ ನಿಧಾನವಾಗಿ ನಡೆದು ಕೇಳಿಸಿಕೊಳ್ಳಬೇಕಾದ ಕಾಡು. ಕೊಡಚಾದ್ರಿಯ ಜೀಪು ದಾರಿಯ ಸ್ಥಿತಿ ಕಂಡವರಿಗೆ ಇದರ ಅರ್ಥ ಆಗುತ್ತದೆ.

ಈ ಕಾಡಿನ ಅಂಚಿನಲ್ಲಿ ಕುಡುಬಿಯರಿದ್ದಾರೆ. ಅವರ ಹಿರಿಯರ ಕುಮರಿ ಬೇಸಾಯವನ್ನು ಬ್ರಿಟಿಷರ ಅರಣ್ಯ ಕಾನೂನು ನಿಲ್ಲಿಸಿತು. ಮರಾಟಿಗರಿದ್ದಾರೆ, ಕೊರಗರಿದ್ದಾರೆ. ಕಸ್ತೂರಿರಂಗನ್ ವರದಿ 2013ರಲ್ಲಿ ಬಂದಾಗಿನಿಂದ ಘಟ್ಟದ ಬುಡದ ಹಳ್ಳಿಗಳಲ್ಲಿ ಆತಂಕವಿದೆ. ಕೃಷಿಕನಿಗೆ ನಿರ್ಬಂಧ, ರೆಸಾರ್ಟಿಗೆ ರಿಯಾಯಿತಿ ಎಂಬ ಭಾವನೆ ಒಮ್ಮೆ ಬೇರೂರಿದರೆ ಕಾಡನ್ನು ಕಾಯುವ ಮನಸ್ಸೇ ಯಾರಲ್ಲೂ ಉಳಿಯುವುದಿಲ್ಲ. ಅಪಾಯವಿರುವುದು ಅಲ್ಲಿ.

ಅತಿಥಿ ಸತ್ಕಾರದ ವ್ಯಾಪಾರ ನಮಗೆ ಹೊಸದಲ್ಲ. ಈ ತಾಲೂಕುಗಳಿಂದ ಹತ್ತು-ಹನ್ನೆರಡು ವರ್ಷದ ಹುಡುಗರು ಮುಂಬಯಿಗೆ, ಬೆಂಗಳೂರಿಗೆ ಹೋಗಿ ಲೋಟ ತೊಳೆದರು, ರಾತ್ರಿ ಶಾಲೆಯಲ್ಲಿ ಓದಿದರು, ಗಲ್ಲಾದಲ್ಲಿ ಕುಳಿತರು, ಕೊನೆಗೆ ಮಾಲಿಕರಾದರು. ಎಲ್ಲರೂ ಆಗಲಿಲ್ಲ, ಆದರೆ ದಾರಿ ತೆರೆದಿತ್ತು. ಕಾಡಿನ ಲಾಡ್ಜನ್ನು ಅಳೆಯುವುದಕ್ಕೂ ಇದೇ ಕೋಲು ಇರಲಿ. ಲೋಟ ತೊಳೆಯಲು ಸೇರಿದ ಊರಿನ ಹುಡುಗ ಹತ್ತು ವರ್ಷದ ಬಳಿಕವೂ ಲೋಟವನ್ನೇ ತೊಳೆಯುತ್ತಿದ್ದರೆ, ಚಾವಣಿಯ ಮೇಲೆ ಎಷ್ಟು ಸೌರಫಲಕವಿದ್ದರೂ ಅದು ಅರ್ಧ ಲಾಡ್ಜ್.

ಆದ್ದರಿಂದ ನಿಮ್ಮ ಗ್ರಾಮ ಪಂಚಾಯಿತಿಗೆ ಅಂಥದೊಂದು ಅರ್ಜಿ ಬಂದ ದಿನ ಗ್ರಾಮಸಭೆಯಲ್ಲಿ ನಾಲ್ಕು ಪ್ರಶ್ನೆ ಕೇಳಿ. ಜಾಗ ಯಾರದು, ಅದನ್ನು ಬಳಸುತ್ತಿದ್ದವರು ಈಗ ಎಲ್ಲಿಗೆ ಹೋಗುತ್ತಾರೆ? ನೀರು ಎಲ್ಲಿಂದ, ಕೊಳೆನೀರು ಎಲ್ಲಿಗೆ? ಊರಿನವರಿಗೆ ಯಾವ ಹುದ್ದೆ, ಮುಂದೆ ಬಡ್ತಿ ಉಂಟೇ? ಆದಾಯದಲ್ಲಿ ಊರಿಗೆ ಎಷ್ಟು ಪಾಲು, ಅದು ಕರಾರಿನಲ್ಲಿ ಬರೆದಿದೆಯೇ?

ಎರಡನೆಯ ಪ್ರಶ್ನೆ ಕಾಡಿನ ಪಕ್ಕದವರಿಗೆ ಮಾತ್ರ ಎಂದು ಕರಾವಳಿಯವರು ಸುಮ್ಮನಿರುವಂತಿಲ್ಲ. ಹೆಬ್ರಿಯ ಬಳಿ ಹರಿಯುವ ಸೀತಾನದಿಯೇ ಬಾರಕೂರನ್ನು ದಾಟಿ ಮಾಬುಕಳದ ಸೇತುವೆಯಡಿ ಬರುವುದು. ಕೊಲ್ಲೂರಿನ ಸೌಪರ್ಣಿಕೆಯೇ ಗಂಗೊಳ್ಳಿಯಲ್ಲಿ ಕಡಲು ಸೇರುವುದು. ಮೇಲೆ ಬಿಟ್ಟದ್ದು ಕೆಳಗೆ ನಮ್ಮ ಬಲೆಗೇ ಬರುತ್ತದೆ. ಪ್ರಶ್ನೆ ಕೇಳುವ ಹಕ್ಕು ನಮಗೂ ಇದೆ.